ಮನೆವಾರ್ತೆ: ಉಗ್ರಾಣ ದೊಡ್ಡದಾದರೆ ಸಾಕೆ?

ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಭಾನುವಾರದ ಸಂಜೆ ಎಷ್ಟು ಪ್ರಿಯವಾದುದೆಂಬುದನ್ನು ನಾವು ಹೇಳಬೇಕಾದುದಿಲ್ಲ. ಕಳೆದ ತಿಂಗಳು ನಮ್ಮ ಮನೆಯ ಅಜ್ಜಿಯವರು ಅಮೆರಿಕದಲ್ಲಿರುವ ಮೊಮ್ಮಗಳ ಮುಖವನ್ನು ನೋಡುತ್ತ ಮಾತನಾಡುತ್ತಿದ್ದರು. ಅದೇ ವೇಳೆಗೆ ಒಳಕೋಣೆಯಲ್ಲಿ ಹುಡುಗನು ಮದುವೆಯ ಚಿತ್ರಗಳನ್ನೆಲ್ಲ ನೆಂಟರಿಗೆ ಕಳುಹಿಸತೊಡಗಿದನು. ಮೊಮ್ಮಗಳ ಮಾತು ತುಂಡುತುಂಡಾಯಿತು. “ಮಗುವಿಗೆ ನನ್ನೊಡನೆ ಮಾತು ಬೇಸರವಾಯಿತೇನೋ” ಎಂದು ಅಜ್ಜಿಯವರು ಎದ್ದುಹೋದರು. ಹೆಚ್ಚಿನ ವೇಗಕ್ಕೆ ಹಣ ಕಟ್ಟೋಣವೆಂದು ಮನೆಯವರು ಅಂದರು. ಆದರೆ ಕಟ್ಟುವ ಮುನ್ನ ಕಾರಣವನ್ನು ವಿಚಾರಿಸುವುದು ಗೃಹಸ್ಥರಿಗೆ ಲೇಸಲ್ಲವೆ?

ಅಂತರ್ಜಾಲದಲ್ಲಿ ಯಾವ ಚಿತ್ರವೂ ಇಡಿಯಾಗಿ ಹೋಗುವುದಿಲ್ಲ; ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಈ ರವಾನೆಯ ಕಟ್ಟಳೆಗೆ ಟಿ.ಸಿ.ಪಿ. ಎಂದು ಹೆಸರು. ಮುಟ್ಟಿದ ರಸೀತಿ ಬರುವ ಮುನ್ನ ಎಷ್ಟು ಸರಕನ್ನು ದಾರಿಗೆ ಬಿಡಬಹುದೆಂಬ ಮಿತಿಯನ್ನು ‘ವಿಂಡೋ’ ಎನ್ನುವರು.

೧೯೮೬ನೆಯ ಇಸವಿಯ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವೆ, ಕೇವಲ ೪೦೦ ಗಜಗಳ ಅಂತರದಲ್ಲಿ, ಸೆಕೆಂಡಿಗೆ ೩೨,೦೦೦ ಬಿಟ್ಟುಗಳಿದ್ದ ಸಾಗಾಟವು ೪೦ಕ್ಕೆ ಇಳಿಯಿತು. ದಾರಿ ಕಟ್ಟಿದಷ್ಟೂ ಯಂತ್ರಗಳು ಕಳುಹಿಸಿದ್ದನ್ನೇ ಮತ್ತೆ ಕಳುಹಿಸಿ ದಟ್ಟಣೆಯನ್ನು ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್‌ಸನ್ನರು ಮೈಕೇಲ್ ಕ್ಯಾರೆಲ್ಸರೊಡನೆ ಕಂಡುಹಿಡಿದ ಪರಿಹಾರವು ೧೯೮೮ರಲ್ಲಿ ಪ್ರಕಟವಾಯಿತು: ಮೊದಲು ಸ್ವಲ್ಪವೇ ಕಳುಹಿಸಿ, ರಸೀತಿಗಳು ಬಂದಂತೆ ಸುತ್ತುಸುತ್ತಿಗೂ ಇಮ್ಮಡಿ ಮಾಡುವುದು, ಒಂದು ಮಟ್ಟದ ಮೇಲೆ ಸುತ್ತಿಗೊಂದೇ ಪ್ಯಾಕೆಟ್ಟನ್ನು ಹೆಚ್ಚಿಸುವುದು, ಪ್ಯಾಕೆಟ್ಟು ಕಳೆದುಹೋಯಿತೆಂದರೆ ಕೂಡಲೆ ತಗ್ಗುವುದು. ಇಂದು ಹೆಚ್ಚಳದ ಲೆಕ್ಕಗಳು ಹಲವು ಬಗೆಯಾಗಿದ್ದರೂ ದಾರಿಯನ್ನು ನೋಡಿ ನಡೆಯುವ ವಿವೇಕವು ಅದೇ.

ಇನ್ನು ‘ಬಫರ್’ ಎಂಬ ಉಗ್ರಾಣದ ಮಾತು. ಸೆಕೆಂಡಿಗೆ ೧೦ ಕೋಟಿ ಬಿಟ್ಟುಗಳ ದಾರಿಯಲ್ಲಿ, ಹೋಗಿಬರುವುದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲು ಹಿಡಿದರೆ, ದಾರಿ ತುಂಬಲು ೨೫ ಲಕ್ಷ ಬೈಟುಗಳು ಬೇಕು. ಹಳೆಯ ಮಿತಿಯಾದ ೬೫,೫೩೫ ಬೈಟುಗಳಲ್ಲೇ ನಿಂತರೆ ಸೆಕೆಂಡಿಗೆ ಸುಮಾರು ೨೬ ಲಕ್ಷ ಬಿಟ್ಟುಗಳಷ್ಟೇ ಸಾಗುವುವು. ೧೯೯೨ರಲ್ಲಿ ಈ ಮಿತಿಯನ್ನು ಹಿಗ್ಗಿಸುವ ಉಪಾಯವು ಬಂದಿತು. ಈಗಿನ ಕಂಪ್ಯೂಟರುಗಳು ತಮ್ಮ ಉಗ್ರಾಣವನ್ನು ತಾವೇ ಸರಿಪಡಿಸಿಕೊಳ್ಳುವುದರಿಂದ ಗೃಹಸ್ಥರು ಅದಕ್ಕೆ ಕೈಹಾಕದಿರುವುದೇ ಮೇಲು.

ನಮ್ಮ ಮನೆಯ ತೊಡಕು ಇದ್ದುದು ಕಂಪ್ಯೂಟರಿನಲ್ಲಲ್ಲ, ರೂಟರಿನಲ್ಲಿ. ಅದರ ಉಗ್ರಾಣ ಅತಿ ದೊಡ್ಡದಾದರೆ ಪ್ಯಾಕೆಟ್ಟುಗಳು ಬೇಗ ಕಳೆದುಹೋಗುವುದಿಲ್ಲ. ಆದಕಾರಣ ಕಳುಹಿಸುವವನಿಗೆ ಎಚ್ಚರವೂ ಹುಟ್ಟುವುದಿಲ್ಲ. ಅವನು ಹೆಚ್ಚಿಸುತ್ತಲೇ ಹೋಗುವನು. ಸೆಕೆಂಡಿಗೆ ೧೦ ಲಕ್ಷ ಬಿಟ್ಟುಗಳ ದಾರಿಯ ಮುಂದೆ ಎರಡೂವರೆ ಲಕ್ಷ ಬೈಟುಗಳು ಸಾಲುನಿಂತರೆ, ಹಿಂದೆ ಬಂದ ಅಜ್ಜಿಯ ಮಾತು ಎರಡು ಸೆಕೆಂಡು ಕಾಯಬೇಕು.

ರೂಟರಿನಲ್ಲಿ ಹೊರಹೋಗುವ ವೇಗಕ್ಕೆ ದಾರಿಯ ಹತ್ತರಲ್ಲಿ ಒಂಬತ್ತು ಪಾಲಿನ ಮಿತಿಯನ್ನಿಟ್ಟು, ಎಲ್ಲರಿಗೂ ಸರದಿಯಂತೆ ದಾರಿ ಬಿಡುವ ಏರ್ಪಾಡನ್ನು ಮಾಡಿದೆವು. ಚಿತ್ರಗಳು ಸ್ವಲ್ಪ ತಡವಾಗಿ ತಲುಪಿದವು. ಮಾತು ಮಾತ್ರ ಕಡಿಯಲಿಲ್ಲ. ಹಣವೇನೂ ಖರ್ಚಾಗಲಿಲ್ಲ.

ಮರುಭಾನುವಾರ ಅಜ್ಜಿಯವರು ಮೊಮ್ಮಗಳಿಗೆ ಹುಳಿಪುಡಿ ಮಾಡುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದರು.