ಹಳೆಯ ಇಂಜಿನಿಗೆ ಮರಳಿನ ಮರೆಯಿಲ್ಲ

ತಲಕಾಡನ್ನು ಮರಳು ಕೆಡಿಸಿತೆಂಬುದು ಲೋಕದ ಮಾತು. ಆದರೆ ಆ ಮರಳೇ ಕೆಲವನ್ನು ಕಾಪಾಡಿತೆಂಬುದನ್ನೂ ಒಪ್ಪಬೇಕು. ಪಾತಾಳೇಶ್ವರ, ಮರುಳೇಶ್ವರರ ಗುಡಿಗಳು ಬಹುಕಾಲ ಮರಳಿನ ಅಡಿಯಲ್ಲಿದ್ದು, ಅದನ್ನು ಸರಿಸಿದಾಗ ಮತ್ತೆ ಬೆಳಕನ್ನು ಕಂಡುವು. ಕಲ್ಲು ಹಾಗೆ ಕಾದಿರಬಲ್ಲುದು, ಉಕ್ಕು ಕಾದಿರಲಾರದು. ದುಡಿಮೆ ಮುಗಿಸಿದ ರೈಲು ಇಂಜಿನನ್ನು ಹರಾಜಿನಲ್ಲಿ ಮಾರಿ, ಗ್ಯಾಸಿನ ಜ್ವಾಲೆಯಿಂದ ತುಂಡರಿಸಿ, ಕುಲುಮೆಗೆ ಕಳುಹಿಸುವರು. ಮುಂದಿನವರು ಅಗೆದು ತೆಗೆಯೋಣವೆಂದರೆ ಅಲ್ಲಿ ಏನೂ ಇರುವುದಿಲ್ಲ. ಆದುದರಿಂದ ಡೀಸೆಲ್ ಇಂಜಿನಿನ ಕಾಲವು ತೀರುತ್ತಿರುವ ಈ ಹೊತ್ತಿನಲ್ಲಿ ಅದರ ವಿಷಯವಾಗಿ ನಾಲ್ಕು ಮಾತನ್ನು ವಾಚಕರ ಮುಂದಿಡುವುದು ಅವಶ್ಯವೆಂದು ತೋರಿತು.

ತಲಕಾಡಿಗಾಗಲಿ ತಿರುಮಕೂಡಲು ನರಸೀಪುರಕ್ಕಾಗಲಿ ರೈಲು ಬರಲಿಲ್ಲ. ನಮ್ಮ ಕಡೆಯವರಿಗೆ ಹತ್ತಿರದ ರೈಲೆಂದರೆ ನಂಜನಗೂಡಿನದು. ಮೈಸೂರಿನಿಂದ ಅಲ್ಲಿಗೆ 1891ರಲ್ಲಿ ಮೀಟರ್ ಗೇಜಿನ, ಎಂದರೆ ಹಳಿಗಳ ನಡುವೆ ಒಂದು ಮೀಟರು ಅಗಲವಿರುವ, ದಾರಿಯು ತೆರೆಯಿತು. ಕಪಿಲೆಯನ್ನು ದಾಟುವುದಕ್ಕೆ, ದಳವಾಯಿ ದೇವರಾಜನು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಹಳಿಯನ್ನೂ ಹಾಸಿದರು. ಎತ್ತಿನ ಗಾಡಿಗಾಗಿ ಹುಟ್ಟಿದ ಸೇತುವೆಯು ಮೊದಲು ಉಗಿಯ ಇಂಜಿನನ್ನೂ ಅನಂತರ ಡೀಸೆಲ್ ಇಂಜಿನನ್ನೂ ಹೊತ್ತಿತು. ಈ ಶತಮಾನದ ಮೊದಲ ದಶಕದಲ್ಲಿ ದಾರಿಯು ಬ್ರಾಡ್ ಗೇಜಿಗೆ ಮಾರ್ಪಟ್ಟಾಗ ರೈಲು ಬೇರೆ ಸೇತುವೆಗೆ ಹೋಯಿತು. ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಅದರ ಮೇಲೆ ಓಡಿದ ಇಂಜಿನುಗಳ ಗತಿಯೇನಾಯಿತು?

ಮೀಟರ್ ಗೇಜಿನ ಡೀಸೆಲ್ ಇಂಜಿನುಗಳಲ್ಲಿ ಮುಖ್ಯವಾದುದು ವೈ.ಡಿ.ಎಂ.-4 ಎಂಬುದು. ವೈ ಎಂದರೆ ಮೀಟರ್ ಗೇಜು, ಡಿ ಎಂದರೆ ಡೀಸೆಲ್, ಎಂ ಎಂದರೆ ಜನರನ್ನೂ ಸರಕನ್ನೂ ಎಳೆಯತಕ್ಕದ್ದು. 1960ರ ದಶಕದ ಆರಂಭದಲ್ಲಿ ಇವು ಅಮೆರಿಕದ ಆಲ್ಕೊ ಕಂಪೆನಿಯಿಂದ ಬಂದುವು. 1968ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾದುವು. ಇವುಗಳಲ್ಲಿ ಡೀಸೆಲ್ ಯಂತ್ರವು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುತ್ತನ್ನು ಉತ್ಪಾದಿಸುವ ಜನರೇಟರನ್ನು ತಿರುಗಿಸುವುದು. ಆ ವಿದ್ಯುತ್ತು ಅಚ್ಚುಗಳ ಬಳಿಯಿರುವ ಮೋಟಾರುಗಳಿಗೆ ಹರಿದು ಗಾಲಿಗಳನ್ನು ನಡೆಸುವುದು. ತನ್ನ ವಿದ್ಯುತ್ತನ್ನು ತಾನೇ ಬೇಯಿಸಿಕೊಂಡು ಉಣ್ಣುವ ಬಂಡಿ ಎಂದರೂ ಸಲ್ಲುವುದು.

ಹಳಿಯ ಅಗಲ ಬದಲಾದೊಡನೆ ಇಂತಹ ಇಂಜಿನು ತನ್ನ ಊರಿನಲ್ಲಿಯೇ ಪರದೇಶಿ. ದೇಶದಲ್ಲಿದ್ದ ವೈ.ಡಿ.ಎಂ.-4ಗಳಲ್ಲಿ ಕೆಲವು ಮಲೇಷಿಯ, ಮ್ಯಾನ್ಮಾರ್ ಮೊದಲಾದ ಮೀಟರ್ ಗೇಜಿನ ನಾಡುಗಳಿಗೆ ದುಡಿಯಲು ಹೋದುವು, ಅನೇಕವು ಗುಜರಿಯಾದುವು. ಉಗಿಯ ಇಂಜಿನಿನ ಮೇಲೆ ಜನರಿಗೆ ಮಮತೆಯಿತ್ತು. ಮೈಸೂರಿನಲ್ಲಿ 1979ರಲ್ಲಿಯೇ ರೈಲ್ವೆ ವಸ್ತುಸಂಗ್ರಹಾಲಯವು ಸ್ಥಾಪಿತವಾಗಿ, ಉಗಿ ಇಂಜಿನುಗಳಿಗೂ 1899ರ ಮಹಾರಾಣಿಯವರ ಸಲೂನು ಗಾಡಿಗೂ ಆಶ್ರಯ ದೊರೆಯಿತು. ಡೀಸೆಲ್ ಇಂಜಿನಿಗೆ ಅಂತಹ ಮಮತೆ ಸುಲಭವಾಗಿ ಒದಗದು. ಅದರ ಕೆಲಸವೆಲ್ಲ ತಗಡಿನ ಹೊದಿಕೆಯೊಳಗೆ. ನೋಡುವವರಿಗೆ ಅದೊಂದು ಪೆಟ್ಟಿಗೆ.

ಈ ವಿಷಯದಲ್ಲಿ ನಾವು ದೂರದ ಐರ್ಲೆಂಡಿನಿಂದ ಕಲಿಯತಕ್ಕದ್ದುಂಟು. ಆ ನಾಡಿನ ಇಂಜಿನುಗಳಿಗೂ ನಮ್ಮವಕ್ಕೂ ಒಂದು ನಂಟೂ ಇದೆ. 1999ರಿಂದ ನಮ್ಮ ದೇಶಕ್ಕೆ ಬಂದು ಹುಬ್ಬಳ್ಳಿಯ ಷೆಡ್ಡಿನಲ್ಲಿ ನೆಲಸಿದ ಜನರಲ್ ಮೋಟಾರ್ಸ್ ಇಂಜಿನುಗಳಲ್ಲಿರುವ 710 ಎಂಬ ಮಾದರಿಯ ಯಂತ್ರದ ಜಾತಿಯೇ, 1994ರಿಂದ ಐರ್ಲೆಂಡಿಗೆ ಬಂದ ಇಂಜಿನುಗಳಲ್ಲಿಯೂ ಇರುವುದು. ಐರ್ಲೆಂಡಿನ ಹಳಿಯ ಅಗಲ 1600 ಮಿಲಿಮೀಟರು. ನಮ್ಮ ಬ್ರಾಡ್ ಗೇಜಿನದು 1676.

ಕಲ್ಲಿದ್ದಲಿಗೆ ಹೊರನಾಡನ್ನು ನಂಬಿದ್ದ ಐರಿಷರು ಎರಡನೆಯ ಮಹಾಯುದ್ಧದಲ್ಲಿ ಅದರ ಅಭಾವದಿಂದ ಬಹಳ ಕಷ್ಟಪಟ್ಟು, ಬೇಗನೆ ಡೀಸೆಲ್‌ಗೆ ಹೊರಳಿದರು. 1955-56ರಲ್ಲಿ ಇಂಗ್ಲೆಂಡಿನ ಮೆಟ್ರೊಪಾಲಿಟನ್-ವಿಕರ್ಸ್ ಕಂಪೆನಿಯಿಂದ ‘ಎ’ ವರ್ಗದ 60 ಇಂಜಿನುಗಳು ಬಂದುವು. ಅವುಗಳೊಳಗಿನ ಕ್ರಾಸ್ಲಿ ಯಂತ್ರಗಳು ಪದೇಪದೇ ಕೆಡುತ್ತಿದ್ದುದರಿಂದ 1968ರಿಂದ 1971ರವರೆಗೆ ಅವನ್ನು ತೆಗೆದು ಜನರಲ್ ಮೋಟಾರ್ಸಿನ ಯಂತ್ರಗಳನ್ನು ಕೂಡಿಸಿದರು. ಹೊಸ ಗುಂಡಿಗೆ ಪಡೆದ ಇಂಜಿನುಗಳು 1995ರವರೆಗೆ ದುಡಿದುವು.

ಅವು ಗುಜರಿಗೆ ಹೋಗುತ್ತಿದ್ದ ಕಾಲದಲ್ಲಿಯೇ, 1989ರಲ್ಲಿ, ಕೆಲವರು ಆಸಕ್ತರು ಸೇರಿ ಐರಿಷ್ ಟ್ರಾಕ್ಷನ್ ಗ್ರೂಪ್ ಎಂಬ ಸಂಘವನ್ನು ಕಟ್ಟಿದರು. ಅರುವತ್ತರಲ್ಲಿ ನಾಲ್ಕು ಉಳಿದುವು. ಅವುಗಳಲ್ಲೊಂದಾದ ಎ39 ಡೌನ್‌ಪ್ಯಾಟ್ರಿಕ್ ಎಂಬ ಊರಿನ ಪರಂಪರೆಯ ರೈಲುದಾರಿಯನ್ನು ಸೇರಿತು. ಮೊದಲಿನ ಯಂತ್ರವಿಲ್ಲದ ಮೇಲೆ ಅದು ಹಳೆಯ ಇಂಜಿನು ಹೇಗಾದೀತೆಂದು ಯಾರಾದರೂ ಕೇಳಬಹುದು. ಜೀರ್ಣೋದ್ಧಾರವಾದ ಗುಡಿಯನ್ನು ನಾವು ಹೊಸ ಗುಡಿಯೆನ್ನುವೆವೆ? ರಿಪೇರಿಯೂ ಚರಿತ್ರೆಯ ಒಂದು ಭಾಗವೇ.

ಉಳಿಸುವುದೆಂದರೆ ಬಣ್ಣ ಬಳಿದು ಬಯಲಿನಲ್ಲಿ ನಿಲ್ಲಿಸುವುದಷ್ಟೇ ಅಲ್ಲ. ಮಳೆಯಿಂದ ತಗಡು ತುಕ್ಕು ಹಿಡಿಯುವುದು, ರಬ್ಬರು ಒಣಗಿ ಬಿರಿಯುವುದು, ತಂತಿಯ ಹೊದಿಕೆ ಸವೆಯುವುದು. ಇಂಜಿನಿಗೆ ಸೂರು ಬೇಕು, ಬಿಡಿಭಾಗ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅದರ ಮರ್ಮವನ್ನು ಬಲ್ಲ ಕೈ ಬೇಕು. ಬಿಡಿಭಾಗವನ್ನು ಇನ್ನೊಂದು ಇಂಜಿನಿನಿಂದ ತೆಗೆದುಕೊಳ್ಳಬಹುದು. ಶಬ್ದವನ್ನು ಕೇಳಿದೊಡನೆ ದೋಷವನ್ನು ಹೇಳುವ ಫಿಟ್ಟರನ ಅನುಭವವನ್ನು ಎಲ್ಲಿಂದ ತರುವುದು?

ದೇಶದ ಬ್ರಾಡ್ ಗೇಜಿನ ದಾರಿಗಳಲ್ಲಿ ಬಹುಪಾಲಿನ ಮೇಲೆ ಈಗ ವಿದ್ಯುತ್ ತಂತಿ ಹಾದಿದೆ. ನಿನ್ನೆಯವರೆಗೆ ಸಾಮಾನ್ಯವಾಗಿದ್ದ ಡೀಸೆಲ್ ಇಂಜಿನು ನಾಳೆ ಅಪರೂಪವಾಗುವುದು. ಅಪರೂಪವಾದ ಮೇಲೆ ಹುಡುಕುವುದಕ್ಕಿಂತ, ಸಾಮಾನ್ಯವಾಗಿರುವಾಗಲೇ ಒಂದೆರಡನ್ನು ಆರಿಸಿ ಇಡುವುದು ವಿವೇಕ. ಅದು ಇಲಾಖೆಯ ಕೆಲಸ. ಆದರೆ ಮನೆಯವರು ಮಾಡತಕ್ಕದ್ದೂ ಉಂಟು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಮೈಸೂರು, ನಂಜನಗೂಡುಗಳ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ದಿನಚರಿಯನ್ನೂ ಭಾವಚಿತ್ರಗಳನ್ನೂ ಹಳೆಯ ಕಾಗದಗಳೊಡನೆ ತೂಕಕ್ಕೆ ಹಾಕಬೇಡಿರಿ. ಸಂಜೆಯ ಹೊತ್ತು ಮಕ್ಕಳನ್ನು ಅವರ ಬಳಿ ಕೂರಿಸಿ, ಇಂಜಿನು ಹೇಗೆ ಹೊರಡುತ್ತಿತ್ತು, ದಾರಿಯಲ್ಲಿ ಕೆಟ್ಟರೆ ಏನು ಮಾಡುತ್ತಿದ್ದರು ಎಂದು ಕೇಳಿಸಿ, ಹೇಳಿದುದನ್ನು ಬರೆದಿಡಿಸಿರಿ. ಇದಕ್ಕೆ ಒಂದು ನೋಟುಪುಸ್ತಕ ಸಾಕು.