ಊರಿಗೆ ಬಂದ ಅಲೆಮಾರಿ ‘ಮಕ್ಕಳ ಕಳ್ಳ’ನಾದದ್ದು ಹೇಗೆ? ಇಕ್ಕೇರಿಯ ಉಪ್ಪಿನ ದಾರಿಯಿಂದ ಒಂದು ಹಿನ್ನೋಟ

ಮಕ್ಕಳ ಕಳ್ಳರ ಬಗ್ಗೆ ಬರುವ ಫಾರ್ವರ್ಡ್‌ಗಳ ಅಚ್ಚು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕಂಬಳಿ ಮಾರುವವರ ಇಲ್ಲವೇ ಭಿಕ್ಷೆ ಬೇಡುವವರ ವೇಷ, ನಮಗೆ ಅರ್ಥವಾಗದ ಭಾಷೆ, ಕೊನೆಗೆ ಎಲ್ಲ ಗ್ರೂಪ್‌ಗಳಿಗೂ ಕಳಿಸಿ ಎಂಬ ಸಾಲು. ಬದಲಾಗುವುದು ಊರಿನ ಹೆಸರು ಮಾತ್ರ. ಸಾಗರ ಎಂದಿದ್ದ ಕಡೆ ಸಿಂದಗಿ ಎಂದು ಹಾಕಿದರೂ ಸಂದೇಶ ಓಡುತ್ತದೆ.

2018ರಲ್ಲಿ ದೇಶವಿಡೀ ಹರಿದಾಡಿದ ಒಂದು ವಿಡಿಯೊ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಪೋಷಕರನ್ನು ಎಚ್ಚರಿಸಲು ತಯಾರಿಸಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕಾರ್ಮಿಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಸತ್ತರು. ಅವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಹೆಚ್ಚಿನವರು ನಮ್ಮ ವಿಜಯಪುರ ಜಿಲ್ಲೆಯ ಗಡಿಗೆ ಹತ್ತಿರದ ಮಂಗಳವೇಢೆ ಕಡೆಯವರು. ಸಂತೆಯ ದಿನ ಭಿಕ್ಷೆಗೆಂದು ಬಂದಿದ್ದರು.

ವಿಡಿಯೊ ಸುಳ್ಳೆಂದು ತೋರಿಸುವುದು ಸುಲಭದ ಕೆಲಸ. ಆದರೆ ವದಂತಿ ಹುಟ್ಟಿದಾಗೆಲ್ಲ ನಮ್ಮ ಬೆರಳು ಮೊದಲು ಅಲೆಮಾರಿಯ ಕಡೆಗೇ ಏಕೆ ಹೋಗುತ್ತದೆ? ಇದಕ್ಕೆ ಉತ್ತರ ಹುಡುಕಲು ವಾಟ್ಸಾಪ್‌ಗಿಂತ ಬಹಳ ಹಿಂದಕ್ಕೆ, ಇಕ್ಕೇರಿಯ ಕಾಲಕ್ಕೆ ಹೋಗಬೇಕು.

ಉಪ್ಪು ಘಟ್ಟ ಹತ್ತಿದ್ದು ಯಾರ ಬೆನ್ನ ಮೇಲೆ?

ಸಾಗರದ ಪಕ್ಕದ ಇಕ್ಕೇರಿ ಇಂದು ಅಘೋರೇಶ್ವರ ದೇವಸ್ಥಾನದ ಚಿಕ್ಕ ಊರು. 16ನೇ ಶತಮಾನದಿಂದ ಸುಮಾರು 1639ರವರೆಗೆ ಅದು ಕೆಳದಿ ನಾಯಕರ ರಾಜಧಾನಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಲ್ಲಿಗೆ ಬಂದಿದ್ದ. ಮಲೆನಾಡಿನಲ್ಲಿ ಮೆಣಸಿತ್ತು, ಅಡಿಕೆಯಿತ್ತು, ಅಕ್ಕಿಯಿತ್ತು. ಉಪ್ಪು ಮಾತ್ರ ಇರಲಿಲ್ಲ. ಅದು ಕರಾವಳಿಯಿಂದಲೇ ಬರಬೇಕು. ನಡುವೆ ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿ, ಆಗುಂಬೆಯ ಘಟ್ಟಗಳು. ಅಂದಿನ ಕಡಿದಾದ ಘಟ್ಟದ ಜಾಡಿನಲ್ಲಿ ಗಾಡಿಯ ಚಕ್ರ ಉರುಳುವ ಮಾತೇ ಇಲ್ಲ. ಹೇರೆತ್ತಿನ ಬೆನ್ನ ಮೇಲೆ ಗೋಣಿ ಹೇರಿ ನಡೆಸುವುದೊಂದೇ ದಾರಿ.

ಹೇರೆತ್ತು ಹೊಡೆಯುವವರಲ್ಲಿ ಊರಿನ ರೈತರೂ ವ್ಯಾಪಾರಿಗಳೂ ಇದ್ದರು. ಆದರೆ ದಕ್ಷಿಣದಲ್ಲಿ ದೂರದ ಸಾಗಣೆಯನ್ನೇ ಕಸುಬು ಮಾಡಿಕೊಂಡವರು ಲಂಬಾಣಿಗರು ಮತ್ತು ಕೊರಚರು. ಕೊರಚರಲ್ಲಿ ‘ಉಪ್ಪು ಕೊರಚ’ ಎಂಬ ಪಂಗಡವೇ ಇದೆ. ಲಂಬಾಣಿ ಎಂಬ ಹೆಸರು ಕೂಡ ‘ಲವಣ’ದಿಂದ ಬಂದದ್ದು ಎನ್ನುವವರಿದ್ದಾರೆ. ಅವರ ಗೋರ್‌ಬೋಲಿ ರಾಜಸ್ಥಾನಿ ಭಾಷೆಗಳಿಗೆ ಹತ್ತಿರ, ಸಮುದಾಯದ ನೆನಪೂ ಮಾರವಾಡದ ಮರುಭೂಮಿಯ ಕಡೆಗೇ ಹೋಗುತ್ತದೆ. ಹಾಗೆಂದು ಅವರು ನಿನ್ನೆ ಮೊನ್ನೆ ಬಂದವರಲ್ಲ. ಅವರ ಗುರು ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಇಲ್ಲೇ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂದು ಸಮುದಾಯ ನಂಬುತ್ತದೆ. ‘ಅರ್ಥವಾಗದ ಭಾಷೆ ಆಡುವ ಹೊರಗಿನವರು’ ಎಂಬ ಫಾರ್ವರ್ಡ್‌ನ ಸಾಲನ್ನು ಇದರ ಪಕ್ಕ ಇಟ್ಟು ನೋಡಿ.

ಈ ತಿರುಗಾಟಕ್ಕೆ ಗೊತ್ತುಗುರಿ ಇಲ್ಲ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಆಗುಂಬೆಯ ಮಳೆಯಲ್ಲಿ ಎತ್ತು ಘಟ್ಟ ಹತ್ತುವುದುಂಟೇ? ಮಳೆ ನಿಂತ ಮೇಲೆ ಹೊರಟು ಮತ್ತೆ ಮಳೆ ಹಿಡಿಯುವುದರೊಳಗೆ ಬಯಲುಸೀಮೆ ಸೇರಬೇಕು. ಇವರ ವ್ಯಾಪಾರದ ಗಾತ್ರವೂ ಸಣ್ಣದಲ್ಲ. 1632ರಲ್ಲಿ ಉತ್ತರ ಭಾರತದಲ್ಲಿ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ ಕಂಡ ಒಂದೇ ಬಂಜಾರ ತಾಂಡಾದಲ್ಲಿ ಧಾನ್ಯ ಹೊತ್ತ 14,000 ಎತ್ತುಗಳಿದ್ದವು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಅಕ್ಕಿ-ಧಾನ್ಯ ತಂದು ಹಾಕಿದವರೂ ಬಂಜಾರರೇ. ಆಗ ಅವರು ಕಂಪನಿಗೆ ಬೇಕಾದವರಾಗಿದ್ದರು!

ಹಾಗಾದರೆ ಇವರ ಗುರುತೇನೂ ಉಳಿದಿಲ್ಲವೇ ಎಂದು ಕೇಳಬಹುದು. ನಾಯಕರು ಕಲ್ಲಿನ ದೇವಸ್ಥಾನ ಬಿಟ್ಟುಹೋದರು, ನಡೆದು ಹೋದವರು ಅಂಥದ್ದೇನನ್ನೂ ಕಟ್ಟಲಿಲ್ಲ. ಆದರೆ ಹುಡುಕುವ ಕಣ್ಣಿದ್ದರೆ, ಇವರದ್ದಲ್ಲದಿದ್ದರೂ ಇವರಿಗಿಂತ ಬಹಳ ಹಿಂದಿನ ದನಗಾಹಿಗಳ ಗುರುತು ಸಿಗುತ್ತದೆ. ಬಳ್ಳಾರಿ ಸೀಮೆಯ ಕುಡತಿನಿ, ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬಗಳೇ ಸಾಕ್ಷಿ. ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಇಂಥ ದಿಬ್ಬಗಳು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳ ದೊಡ್ಡಿಯಲ್ಲಿ ರಾಶಿಬಿದ್ದು, ಮತ್ತೆ ಮತ್ತೆ ಸುಟ್ಟ ಸಗಣಿ ಎಂದು ಪುರಾತತ್ವ ತೋರಿಸಿಕೊಟ್ಟಿದೆ. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕಿದವು.

ಹೇರು ಇಳಿಯಿತು, ಹಣೆಪಟ್ಟಿ ಏರಿತು

19ನೇ ಶತಮಾನದಲ್ಲಿ ಎಲ್ಲವೂ ಬದಲಾಯಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಘಟ್ಟಗಳಿಗೆ ಗಾಡಿರಸ್ತೆ ಬಂತು, ಬಯಲಿಗೆ ರೈಲು ಬಂತು. ಹತ್ತು ದಿನದ ಹೇರೆತ್ತಿನ ದಾರಿಯನ್ನು ರೈಲು ಒಂದು ದಿನಕ್ಕಿಳಿಸಿದರೆ ಎತ್ತಿಗೆ ಕೆಲಸ ಎಲ್ಲಿ? ಕೊರಚರು ಬುಟ್ಟಿ, ಮೊರ ಹೆಣೆಯತೊಡಗಿದರು. ಲಂಬಾಣಿಗರು ಸೌದೆ, ಕೂಲಿ, ಬೇಸಾಯ ಹಿಡಿದರು.

ತಿರುಗಾಟಕ್ಕೆ ಕಾರಣವಾಗಿದ್ದ ಕಸುಬು ಹೋಗಿ ತಿರುಗಾಟವಷ್ಟೇ ಉಳಿದಾಗ ಸರ್ಕಾರದ ಕಣ್ಣಿಗೆ ಇವರು ಅಪಾಯಕಾರಿಗಳಾಗಿ ಕಂಡರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತದಲ್ಲಿ ಜಾರಿಯಾಗಿ, 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅಲ್ಲಿ ಕೊರಚ-ಕೊರವರು ಪಟ್ಟಿ ಸೇರಿದರು. ಪಟ್ಟಿಗೆ ಬಿದ್ದವರು ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಪಡೆಯಬೇಕು. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಅವರನ್ನು ಕೂಡಿಹಾಕಿದ ಜಾಗಕ್ಕೆ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು. ಇವರಲ್ಲಿ ಯಾರೂ ಕಳವು ಮಾಡಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕಳವು ಎಲ್ಲ ಜಾತಿಯಲ್ಲೂ ಇದೆ. ಆದರೆ ಈ ಕಾಯ್ದೆಯ ಪ್ರಕಾರ ತೊಟ್ಟಿಲಿನ ಕೂಸೂ ಅನುಮಾನಿತನೇ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದರೂ ಹಣೆಪಟ್ಟಿಯ ಅಂಟು ಹೋಗಿರಲಿಲ್ಲ. ಈ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವ ಮಾತುಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಹಾಗೇ ಇದ್ದವು. ಅವು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ.

ಮುಂದಿನ ಸಲ ಇಂಥ ಸಂದೇಶ ಬಂದಾಗ

2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದಿತು. ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದು ಎಂದರ್ಥ. ನಿಮಗೆ ಕಳಿಸಿದವರೂ ಅದನ್ನು ಕಣ್ಣಾರೆ ಕಂಡವರಲ್ಲ. ತಾರೀಕು ಇದೆಯೇ, ಠಾಣೆಯ ಹೆಸರಿದೆಯೇ ನೋಡಿ. ಇದ್ದರೆ ಆ ಠಾಣೆಗೇ ಫೋನ್ ಮಾಡಿ ಕೇಳಿ.

ಮಕ್ಕಳು ಕಾಣೆಯಾಗುವುದು ಸುಳ್ಳಲ್ಲ, ತಂದೆತಾಯಿಯ ಭಯವೂ ಸುಳ್ಳಲ್ಲ. ಅದಕ್ಕಾಗಿಯೇ ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರ 112 ಇದೆ. ಬೀದಿಯಲ್ಲಿ ಕಂಡ ಯಾರ ಮೇಲಾದರೂ ನಿಜವಾಗಿ ಅನುಮಾನ ಬಂದರೆ ಆ ಸಂಖ್ಯೆಗೆ ಕರೆ ಮಾಡಿ. ಅವರ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕಬೇಡಿ. ಹತ್ತು ನಿಮಿಷದ ನಂತರ ನೀವು ಅಳಿಸಿದರೂ, ಅಷ್ಟರೊಳಗೆ ಅದು ಪಕ್ಕದೂರಿನ ಗ್ರೂಪ್ ಸೇರಿರುತ್ತದೆ. ಆ ಮನುಷ್ಯನೂ ಅಷ್ಟೊತ್ತಿಗೆ ನಡೆದುಕೊಂಡು ಆ ಊರಿಗೇ ಹೊರಟಿರಬಹುದು.