ಯಂತ್ರಗಳು ಕೂಗಲಿ, ಆದರೆ ನಮಗೆ ಕೇಳುವಂತೆ

ಮಕ್ಕಳೇ, ನಾನು ನಿಮ್ಮಷ್ಟಿದ್ದಾಗ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ. ಆ ಮನೆಯ ಜಗಲಿ ಹತ್ತಿದ ಕೂಡಲೇ ಒಳಗೆ ಟಿವಿ ಹಾಕಿದ್ದಾರೋ ಇಲ್ಲವೋ ನನಗೆ ತಿಳಿದುಬಿಡುತ್ತಿತ್ತು. ದನಿ ಪೂರ್ತಿ ತಗ್ಗಿಸಿದ್ದರೂ ಅಷ್ಟೆ. ಸೊಳ್ಳೆಯ ಗುಂಯ್‌ಗಿಂತ ಎಷ್ಟೋ ಸಣ್ಣದಾದ ಒಂದು 'ಕೀಂ' ಕಿವಿಗೆ ಬೀಳುತ್ತಿತ್ತು. ಹಿರಿಯರಿಗೆ ಹೇಳಿದರೆ "ನಿನಗೆಲ್ಲೋ ಭ್ರಮೆ" ಎನ್ನುತ್ತಿದ್ದರು.

ಭ್ರಮೆಯಲ್ಲ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆ ಹಳೆಯ ಡಬ್ಬಿ ಟಿವಿಗಳು ಸೆಕೆಂಡಿಗೆ 25 ಚಿತ್ರಗಳನ್ನು, ಒಂದೊಂದು ಚಿತ್ರವನ್ನೂ 625 ಗೆರೆಗಳಾಗಿ ಪರದೆಯ ಮೇಲೆ ಮೂಡಿಸುತ್ತಿದ್ದವು. ಗುಣಿಸಿ ನೋಡಿ. 15,625 ಬಂತಲ್ಲವೇ? ಸೆಕೆಂಡಿಗೆ ಅಷ್ಟು ಸಲ ಟಿವಿಯೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಕಂಪಿಸುತ್ತಿತ್ತು. 15,625 ಹರ್ಟ್ಸ್ ಆವೃತ್ತಿಯ ಶಬ್ದ ಮಕ್ಕಳಿಗೆ ಕೇಳುತ್ತದೆ. ವಯಸ್ಸಾದವರಲ್ಲಿ ಬಹಳ ಮಂದಿಗೆ ಕೇಳುವುದಿಲ್ಲ.

ಪಾಪ, ಆ ಟಿವಿ ಬೇಕೆಂದು ಕೂಗುತ್ತಿರಲಿಲ್ಲ. ಈಗಿನ ಯಂತ್ರಗಳು ಬೇಕೆಂದೇ ಕೂಗಬಲ್ಲವು. ತಮ್ಮ ಹತ್ತಿರ ಬೇರೆ ಯಾವ ಯಂತ್ರವಿದೆ ಎಂದು ತಿಳಿಯಲು!

ಒಂದು ಕೋಣೆಯಲ್ಲಿ ಆರು ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ. ಒಂದರಲ್ಲಿ ತೆರೆದ ಪುಟವನ್ನು ಉಳಿದ ಐದರಲ್ಲೂ ತೆರೆದು ಎಲ್ಲರೂ ಕೂಡಿ ಕೆಲಸ ಮಾಡಬೇಕು. ಮೊದಲು ಆ ಕಂಪ್ಯೂಟರಿಗೆ ತನ್ನ ಕೋಣೆಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗಬೇಕಲ್ಲ? ವೈಫೈ, ಬ್ಲೂಟೂತ್‌ಗಳು ರೇಡಿಯೋ ತರಂಗಗಳನ್ನು ಬಳಸುತ್ತವೆ. ಬಾಗಿಲು ಕಿಟಕಿ ಮುಚ್ಚಿದರೂ ರೇಡಿಯೋದಲ್ಲಿ ಆಕಾಶವಾಣಿ ಬರುವಂತೆ, ಈ ತರಂಗಗಳೂ ಗೋಡೆ ದಾಟುತ್ತವೆ. ಪಕ್ಕದ ಕೋಣೆಯ ಯಂತ್ರವೂ 'ಹಾಜರ್' ಎಂದುಬಿಡುತ್ತದೆ.

ಶಬ್ದ ಹಾಗಲ್ಲ. ಆರನೇ ತರಗತಿಯಲ್ಲಿ ಹಾಜರಿ ಕೂಗಿದರೆ ಏಳನೇ ತರಗತಿಯವರು 'ಹಾಜರ್ ಸಾರ್' ಎನ್ನುವುದಿಲ್ಲ. ಅದರಲ್ಲೂ ಕೀರಲು ಶಬ್ದ ಗೋಡೆಯನ್ನು ದಾಟುವುದು ಬಹಳ ಕಡಿಮೆ. ಜಾತ್ರೆಯ ದಿನ ಬಾಗಿಲು ಹಾಕಿಕೊಂಡು ಕುಳಿತು ಗಮನಿಸಿ. ಡೊಳ್ಳಿನ ಸದ್ದು ಒಳಗೆ ಬರುತ್ತದೆ, ತಾಳದ ಕಿಣಿಕಿಣಿ ಹೊರಗೇ ಉಳಿಯುತ್ತದೆ. 20,000 ಹರ್ಟ್ಸ್ ಶಬ್ದದ ತರಂಗದೂರ ಗಾಳಿಯಲ್ಲಿ ಬರೀ 1.7 ಸೆಂಟಿಮೀಟರ್. ಅದು ಗೋಡೆಗೆ ಬಡಿದು ಹಿಂದಿರುಗುತ್ತದೆ, ಗಾಳಿಯಲ್ಲೇ ಬೇಗ ಕ್ಷೀಣಿಸುತ್ತದೆ. ದೂರ ಹೋಗದಿರುವುದೇ ಇಲ್ಲಿ ಶಬ್ದದ ಗುಣ! ಮೇಲಾಗಿ ಹೊಸ ಉಪಕರಣವೇನೂ ಬೇಡ, ಇರುವ ಸ್ಪೀಕರ್ ಮತ್ತು ಮೈಕ್ ಸಾಕು.

2015ರಲ್ಲಿ ಗೂಗಲ್ ಸಂಸ್ಥೆ 'ಗೂಗಲ್ ಟೋನ್' ಎಂಬ ಸಾಧನವನ್ನು ಹೊರತಂದಿತು. ಗುಂಡಿ ಒತ್ತಿದರೆ ಕಂಪ್ಯೂಟರ್ ಹಕ್ಕಿಯಂತೆ ಒಮ್ಮೆ ಉಲಿಯುತ್ತಿತ್ತು. ಕೋಣೆಯಲ್ಲಿ ಅದೇ ಸಾಧನವಿದ್ದ ಬೇರೆ ಕಂಪ್ಯೂಟರ್‌ಗಳು ಅದನ್ನು ಕೇಳಿಸಿಕೊಂಡು, 'ಇಂಥ ಪುಟ ಬಂದಿದೆ, ತೆರೆಯಲೇ?' ಎಂದು ಕೇಳುತ್ತಿದ್ದವು. ಇಡೀ ಪುಟ ಶಬ್ದದಲ್ಲಿ ಹೋಗುತ್ತಿರಲಿಲ್ಲ. ಶಬ್ದ ಒಯ್ಯುತ್ತಿದ್ದದ್ದು ಒಂದು ಚಿಕ್ಕ ಗುರುತನ್ನು ಮಾತ್ರ. ಉಳಿದದ್ದು ಇಂಟರ್‌ನೆಟ್ಟಿನ ಕೆಲಸ.

ಇದನ್ನು ಮಾಡಿದವರು ಮೊದಲು ಮನುಷ್ಯರಿಗೆ ಕೇಳದ ಶಬ್ದವನ್ನೇ ಬಳಸಿದ್ದರಂತೆ. ಆದರೆ ಕಂಪ್ಯೂಟರಿನ ಮೈಕ್‌ಗಳು ಮಾತಿಗೆಂದು ಮಾಡಿದವು. ಆದ್ದರಿಂದ ಕೇಳುವ ಶಬ್ದವನ್ನೂ ಸೇರಿಸಿದರು. ಟೆಲಿಫೋನಿನ ಗುಂಡಿ ಒತ್ತಿದಾಗ ಬರುವಂಥ ಜೋಡಿ ಸ್ವರಗಳವು. ಫೋನಿನಲ್ಲಿ 5 ಒತ್ತಿದರೆ 770 ಮತ್ತು 1,336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಬರುತ್ತವೆ. ಅವರು ಹೀಗೆ ಮಾಡಿದ್ದು ಅನುಕೂಲಕ್ಕೆ. ನನ್ನ ಪ್ರಕಾರ ಅದು ನ್ಯಾಯದ ದಾರಿಯೂ ಹೌದು.

ಏಕೆಂದರೆ ಇನ್ನೊಂದು ದಾರಿಯೂ ಇದೆ. ನಮ್ಮ ದೇಶದಲ್ಲಿ 2017ರಲ್ಲಿ ಬಂದ 'ತೇಜ್' ಎಂಬ ಹಣ ಪಾವತಿಯ ಆ್ಯಪ್ ಹತ್ತಿರದ ಫೋನನ್ನು ಶ್ರವಣಾತೀತ ಶಬ್ದದಿಂದ ಗುರುತಿಸುತ್ತಿತ್ತು. ಈ ಆ್ಯಪ್‌ಗೆ 2018ರಲ್ಲಿ ಗೂಗಲ್ ಪೇ ಎಂದು ಹೆಸರಾಯಿತು. ಅಲ್ಲಿ ಫೋನಿನವರೇ ಗುಂಡಿ ಒತ್ತುತ್ತಿದ್ದರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ 2016ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 12 ಆ್ಯಪ್ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಟಿವಿ ಕಾರ್ಯಕ್ರಮದಲ್ಲಿ ಅಡಗಿಸಿಟ್ಟ, ಕಿವಿಗೆ ಕೇಳದ ಸಂಕೇತಗಳನ್ನು ಫೋನಿನ ಮೈಕ್ ಮೂಲಕ ಆಲಿಸಬಲ್ಲ ತಂತ್ರಾಂಶ ಆ ಆ್ಯಪ್‌ಗಳಲ್ಲಿತ್ತು. ಯಾರು ಯಾವ ಜಾಹೀರಾತು ನೋಡಿದರು ಎಂದು ತಿಳಿಯುವುದಕ್ಕೆ. ಫೋನ್ ಹಿಡಿದವರಿಗೆ ಈ ವಿಷಯ ಹೇಳಿಯೇ ಇರಲಿಲ್ಲ.

ಮನೆಯೊಳಗೆ ಇಬ್ಬರು ಪಿಸುಗುಟ್ಟಿದರೆ ನಾವು 'ಏನದು?' ಎಂದು ಕೇಳುತ್ತೇವೆ. ನಮ್ಮದೇ ಯಂತ್ರಗಳು ನಮ್ಮ ಬೆನ್ನ ಹಿಂದೆ ಪಿಸುಗುಟ್ಟಿದರೆ ಸುಮ್ಮನಿರಬೇಕೇ? ಹತ್ತಿರದ ಯಂತ್ರವನ್ನು ಹುಡುಕುವ ಶಬ್ದ ಮನುಷ್ಯರಿಗೆ ಕೇಳುವಂತಿರಬೇಕು. ಕೇಳದ ಶಬ್ದವನ್ನೇ ಬಳಸಬೇಕಾಗಿ ಬಂದರೆ ಪರದೆಯ ಮೇಲೆ ಗುರುತಾದರೂ ಕಾಣಬೇಕು. 2020ರಿಂದ ಐಫೋನ್‌ಗಳಲ್ಲಿ, 2021ರಿಂದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೈಕ್ ಕೆಲಸ ಮಾಡುವಾಗ ಮೇಲ್ತುದಿಯಲ್ಲಿ ಬಣ್ಣದ ಗುರುತು ಬರುವಂತೆ ಮಾಡಿದ್ದಾರೆ. ಕೇಳಿಸಿಕೊಳ್ಳುವುದಕ್ಕೆ ಗುರುತಿದೆ, ಕೂಗುವುದಕ್ಕೂ ಬೇಡವೇ?

'ಮೂವತ್ತು ಯಂತ್ರಗಳು ಕಿಚಕಿಚ ಎಂದರೆ ಪಾಠ ಮಾಡುವುದು ಹೇಗೆ ಸಾರ್?' ಎಂದು ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. ಒಂದು ಗಳಿಗೆಯ ಉಲಿ ಸಾಕು, ನಮ್ಮ ತರಗತಿಗಳ ಗಲಾಟೆಯ ಮುಂದೆ ಅದೇನು ಮಹಾ! ಒಂದು ಮಾತನ್ನು ಮಾತ್ರ ಒಪ್ಪಬೇಕು. ಕೇಳುವ ಶಬ್ದವನ್ನೂ ಯಾರಾದರೂ ಕದ್ದು ಮುದ್ರಿಸಿಕೊಳ್ಳಬಹುದು. ಆದ್ದರಿಂದ ಗುಟ್ಟಿನ ಸಂಗತಿಗಳನ್ನು ಇದರಲ್ಲಿ ಕಳಿಸಬಾರದು, ಗುರುತಿನ ಸಂಖ್ಯೆ ಒಮ್ಮೆಗೆ ಮಾತ್ರ ನಡೆಯುವಂತಿರಬೇಕು.

ಈಚೆಗೆ ಒಂದು ಶಾಲೆಯಲ್ಲಿ ಲ್ಯಾಪ್‌ಟಾಪಿನಿಂದ 17,000 ಹರ್ಟ್ಸ್ ಶಬ್ದವನ್ನು ಮೆಲ್ಲಗೆ ಹೊರಡಿಸಿದೆ. ನಾವು ಶಿಕ್ಷಕರಿಗೆ ಏನೂ ಕೇಳಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡರು. ನಾಟಕವಿರಬಹುದೆಂದು ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಬೆನ್ನು ಮಾಡಿ ನಿಲ್ಲಿಸಿ, ಶಬ್ದ ಬಂದಾಗ ಕೈಯೆತ್ತಲು ಹೇಳಿದೆ. ಗುಂಡಿಯ ಟಕ್ ಎಂಬ ಸದ್ದಿನಿಂದ ಊಹಿಸದಿರಲೆಂದು ಕೆಲವು ಸಲ ಶಬ್ದವಿಲ್ಲದೆಯೂ ಗುಂಡಿ ಒತ್ತಿದೆ. ಹತ್ತು ಸಲವೂ ಅವಳು ತಪ್ಪಲಿಲ್ಲ.

ಆಮೇಲೆ ಅವಳೇ ಕೇಳಿದಳು: "ಸಾರ್, ನಮಗೂ ಕೇಳದ ಹಾಗೆ ಮಾಡಿದರೆ?"

ಆವೃತ್ತಿಯನ್ನು 20,000ಕ್ಕೆ ಏರಿಸಿದೆ. ಒಂದು ಕೈಯೂ ಮೇಲೇಳಲಿಲ್ಲ. ಶಬ್ದದ ಆವೃತ್ತಿ ತೋರಿಸುವ ಆ್ಯಪ್ ಹಾಕಿ ಮೇಜಿನ ಮೇಲಿಟ್ಟಿದ್ದ ನನ್ನ ಮೊಬೈಲಿನಲ್ಲಿ ಮಾತ್ರ 20,000ದ ಬಳಿ ಒಂದು ಗೆರೆ ಎದ್ದು ನಿಂತಿತ್ತು. ಮಕ್ಕಳೆಲ್ಲ ಅದರ ಸುತ್ತ ಮುತ್ತಿಕೊಂಡರು.